ದಿನಬಾಡಿಗೆ ಮನೆ ಒಂದರಿಂದ ಮೂರಾಗುವಾಗ: ಬಸವಳಿಯದೆ ಬೆಳೆಯುವ ಲೆಕ್ಕ

ಮೊದಲ ಬುಕಿಂಗ್ ಬಂದ ದಿನದ ಖುಷಿಯೇ ಬೇರೆ. ಖಾಲಿ ಬಿದ್ದಿದ್ದ ಮನೆಗೆ ಗುರುತಿಲ್ಲದ ಯಾರೋ ಬರುತ್ತಾರೆ. ಎರಡು ರಾತ್ರಿ ಉಳಿದು, ದುಡ್ಡು ಕೊಟ್ಟು, ‘ಮನೆ ತುಂಬಾ ಚೆನ್ನಾಗಿತ್ತು’ ಎಂದು ಬರೆದು ಹೋಗುತ್ತಾರೆ. ಬೆಡ್‌ಶೀಟ್ ಬದಲಿಸುವವರು ನೀವೇ, ಮೆಸೇಜಿಗೆ ಉತ್ತರ ಕೊಡುವವರೂ ನೀವೇ. ಆದರೂ ಅದು ಕೆಲಸ ಅಂತ ಅನ್ನಿಸುವುದಿಲ್ಲ. ಆರು ತಿಂಗಳಿಗೆ ಎರಡನೇ ಮನೆ ಸೇರಿಕೊಳ್ಳುತ್ತದೆ, ವರ್ಷ ಕಳೆಯುವುದರೊಳಗೆ ಮೂರನೆಯದು. ಆಮೇಲೆ ಒಂದು ರಾತ್ರಿ ಹನ್ನೊಂದೂವರೆಗೆ ಫೋನ್ ಹೊಡೆದುಕೊಳ್ಳುತ್ತದೆ: ‘ಬಾಗಿಲಿನ ಕೋಡ್ ಕೆಲಸ ಮಾಡ್ತಿಲ್ಲ.’ ಅಂದಿನಿಂದ ಫೋನ್ ರಿಂಗ್ ಆದಾಗಲೆಲ್ಲ ಹೊಟ್ಟೆಯಲ್ಲಿ ಏನೋ ಹಿಂಡಿದ ಹಾಗಾಗುತ್ತದೆ.

ಸಂಬಳದ ಜೊತೆಗೆ ಇನ್ನೊಂದು ಆದಾಯ ಇರಲಿ ಎಂದು ಈ ವ್ಯವಹಾರಕ್ಕೆ ಕಾಲಿಡುವವರು ಬಹಳ ಮಂದಿ. ಫೋಟೋ ಹೇಗೆ ತೆಗೆಯಬೇಕು, ದರ ಹೇಗೆ ಇಡಬೇಕು ಎಂದು ಹೇಳಿಕೊಡುವವರಿಗೂ ಕೊರತೆ ಇಲ್ಲ. ಮನೆಗಳು ಜಾಸ್ತಿಯಾದ ಹಾಗೆ ನಡೆಸುವ ಮನುಷ್ಯನಿಗೆ ಏನಾಗುತ್ತದೆ ಎಂಬುದನ್ನು ಮಾತ್ರ ಯಾರೂ ಮೊದಲೇ ಹೇಳುವುದಿಲ್ಲ. ಅದನ್ನೇ ಇಲ್ಲಿ ಬುಡದಿಂದ ನೋಡೋಣ.

ದಿನಬಾಡಿಗೆ ಅಂದರೆ ಏನು?

ಮನೆಯನ್ನೋ ಕೋಣೆಯನ್ನೋ ತಿಂಗಳ ಲೆಕ್ಕದ ಬದಲು ರಾತ್ರಿಯ ಲೆಕ್ಕದಲ್ಲಿ ಬಾಡಿಗೆಗೆ ಕೊಡುವುದು ದಿನಬಾಡಿಗೆ. ಕಾಗದಪತ್ರಗಳಲ್ಲಿ ಇದಕ್ಕೆ ಅಲ್ಪಾವಧಿ ಬಾಡಿಗೆ ಎನ್ನುತ್ತಾರೆ. ಹಲವು ಊರುಗಳ ಕಾನೂನಿನಲ್ಲಿ 30 ದಿನಕ್ಕಿಂತ ಕಡಿಮೆ ಉಳಿಯುವುದು ಈ ಗುಂಪಿಗೆ ಬರುತ್ತದೆ. ಮನೆ ಕೊಡುವವರು ಹೋಸ್ಟ್, ಬಂದು ಉಳಿಯುವವರು ಗೆಸ್ಟ್, ಮನೆಯ ವಿವರ ಹಾಕಿದ ಪುಟ ಲಿಸ್ಟಿಂಗ್.

ಆನ್‌ಲೈನ್‌ನಲ್ಲಿ ಇದು ಮೊನ್ನೆ ಮೊನ್ನೆ ಹುಟ್ಟಿದ್ದೇನಲ್ಲ. ರಜೆಯ ಮನೆಗಳನ್ನು ಬಾಡಿಗೆಗೆ ಕೊಡಿಸುವ ವಿಆರ್‌ಬಿಒ ಜಾಲತಾಣ 1995ರಲ್ಲೇ ಶುರುವಾಗಿತ್ತು, ಬುಕಿಂಗ್ ಡಾಟ್ ಕಾಮ್ 1996ರಲ್ಲಿ. 2007ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಂದು ವಿನ್ಯಾಸ ಸಮ್ಮೇಳನ ನಡೆಯಿತು. ಆಗ ಬ್ರಯಾನ್ ಚೆಸ್ಕಿ ಮತ್ತು ಜೋ ಗೆಬ್ಬಿಯಾ ತಮ್ಮ ಬಾಡಿಗೆ ಮನೆಯಲ್ಲೇ ಗಾಳಿ ತುಂಬಿದ ಹಾಸಿಗೆ ಹಾಕಿ ಮೂವರನ್ನು ಉಳಿಸಿಕೊಂಡರು. ಮರುವರ್ಷ ನೇಥನ್ ಬ್ಲೆಚಾರ್ಜಿಕ್ ಜೊತೆ ಸೇರಿ ತಾಣ ಕಟ್ಟಿದರು. ಅದೇ ಇವತ್ತಿನ ಏರ್‌ಬಿಎನ್‌ಬಿ.

ಕೆಲಸದ ದೃಷ್ಟಿಯಿಂದ ನೋಡಿದರೆ ದಿನಬಾಡಿಗೆಯು ಮಾಮೂಲು ಬಾಡಿಗೆಗಿಂತ ಹೋಟೆಲಿಗೇ ಹತ್ತಿರ. ವರ್ಷದ ಕರಾರಿಗೆ ಮನೆ ಕೊಟ್ಟರೆ ವರ್ಷಕ್ಕೊಮ್ಮೆ ಬಾಡಿಗೆದಾರರ ಜೊತೆ ಮಾತುಕತೆ. ದಿನಬಾಡಿಗೆಯಲ್ಲಿ ಒಂದೇ ಮನೆಗೆ ವರ್ಷದಲ್ಲಿ ನೂರು ಹೊಸ ಮುಖಗಳು ಬರಬಹುದು. ಹೋಟೆಲಿನಲ್ಲಿ ಸ್ವಾಗತಕ್ಕೆ ಒಬ್ಬರು, ಸ್ವಚ್ಛತೆಗೆ ಒಬ್ಬರು, ರಿಪೇರಿಗೆ ಒಬ್ಬರು, ಬುಕಿಂಗಿಗೆ ಒಬ್ಬರು, ಲೆಕ್ಕಕ್ಕೆ ಒಬ್ಬರು ಇರುತ್ತಾರೆ. ಇಲ್ಲಿ ಆ ಐದೂ ಮಂದಿ ನೀವೇ.

ಸುಸ್ತು ಬೇರೆ, ಬರ್ನ್‌ಔಟ್ ಬೇರೆ

ಸುಸ್ತಾದರೆ ಒಂದು ಭಾನುವಾರ ಚೆನ್ನಾಗಿ ನಿದ್ದೆ ಮಾಡಿದರೆ ಸರಿಹೋಗುತ್ತದೆ. ಬರ್ನ್‌ಔಟ್ ಹಾಗೆ ಹೋಗುವುದಿಲ್ಲ. ಈ ಪದವನ್ನು ಕೆಲಸದ ಬಳಲಿಕೆಗೆ ಮೊದಲು ಹಚ್ಚಿದವರಲ್ಲಿ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಎಂಬ ಮನಶ್ಶಾಸ್ತ್ರಜ್ಞರು ಮುಖ್ಯರು. 1974ರಲ್ಲಿ ಅವರು ಇದರ ಬಗ್ಗೆ ಬರೆದರು. ಆಮೇಲೆ ಕ್ರಿಸ್ಟಿನಾ ಮಾಸ್ಲಾಕ್ ಇದನ್ನು ಅಳೆಯುವ ಪ್ರಶ್ನಾವಳಿಯನ್ನೇ ರೂಪಿಸಿದರು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ತನ್ನ ರೋಗಗಳ ವರ್ಗೀಕರಣ ಪಟ್ಟಿಯಲ್ಲಿ ವಿವರಿಸಿತು. ಆದರೆ ಕಾಯಿಲೆ ಎಂದು ಕರೆಯಲಿಲ್ಲ. ಕೆಲಸದ ಒತ್ತಡವನ್ನು ಸರಿಯಾಗಿ ನಿಭಾಯಿಸದೆ ಬಹಳ ಕಾಲ ಬಿಟ್ಟಾಗ ಆಗುವ ಸ್ಥಿತಿ ಎಂದಿತು.

ಅದು ಕೊಟ್ಟ ಗುರುತುಗಳು ಮೂರು: ಶಕ್ತಿ ಬತ್ತಿಹೋಗುವುದು, ಕೆಲಸದಿಂದ ಮನಸ್ಸು ದೂರ ಸರಿಯುವುದು, ನನ್ನ ಕೈಲಾಗುವುದಿಲ್ಲ ಎನ್ನಿಸುವುದು. ಹೋಸ್ಟ್‌ಗಳಲ್ಲಿ ಎರಡನೆಯದನ್ನು ಬೇಗ ಗುರುತಿಸಬಹುದು. ಹೊಸ ಬುಕಿಂಗ್ ಬಂದಾಗ ‘ಇವರು ಏನು ಮುರಿಯುತ್ತಾರೋ’ ಎಂಬ ಯೋಚನೆಯೇ ಮೊದಲು ಬಂದರೆ, ಟವೆಲ್ ಕೇಳಿದ ಗೆಸ್ಟ್ ಮೇಲೂ ಸಿಟ್ಟು ಬಂದರೆ, ಅದು ನಿಮ್ಮ ಸ್ವಭಾವದ ದೋಷವಲ್ಲ. ಒಬ್ಬರು ಹೊರಲಾಗದಷ್ಟು ಹೊರೆ ಬಿದ್ದಿದೆ ಎಂಬ ಸುಳಿವು ಅದು.

ಇದು ಯಾಕಾಗುತ್ತದೆ? ‘ಜಾಸ್ತಿ ಗಂಟೆ ದುಡಿದಿದ್ದಕ್ಕೆ’ ಎಂದು ಹೇಳುವುದು ಸುಲಭ. ಆದರೆ ಎಷ್ಟೋ ಹೋಸ್ಟ್‌ಗಳು ದಿನಕ್ಕೆ ಎರಡೇ ಗಂಟೆ ಕೆಲಸ ಮಾಡಿಯೂ ಬಸವಳಿದಿರುತ್ತಾರೆ. ಒಲೆಯ ಮೇಲೆ ಹಾಲಿಟ್ಟು ಕಾಯುವುದನ್ನು ನೆನಪಿಸಿಕೊಳ್ಳಿ. ಕೈಗೆ ಕೆಲಸವೇನೂ ಇಲ್ಲ, ಆದರೂ ಕಣ್ಣು ಆ ಕಡೆಯೇ. ಬೇರೆ ಕೆಲಸಕ್ಕೆ ಕೈ ಹಾಕುವ ಹಾಗಿಲ್ಲ, ಯಾವ ಕ್ಷಣಕ್ಕೆ ಉಕ್ಕುತ್ತದೋ ಗೊತ್ತಿಲ್ಲ. ಹೋಸ್ಟ್ ಆದವರ ಬದುಕು ಹೆಚ್ಚುಕಡಿಮೆ ಹೀಗೇ. ಊಟಕ್ಕೆ ಕೂತಾಗ, ಮಗುವಿನ ಶಾಲೆಯ ಕಾರ್ಯಕ್ರಮದಲ್ಲಿ, ನಿದ್ದೆಯಲ್ಲಿ, ಎಲ್ಲಿದ್ದರೂ ಫೋನ್ ಯಾವಾಗ ಬೇಕಾದರೂ ಬರಬಹುದು. ಮೂರು ಮನೆ ಅಂದರೆ ಮೂರು ಒಲೆ.

ಅಂದರೆ ಇಲ್ಲಿ ಹೊರೆ ಎರಡು ಬಗೆಯದು. ಒಂದು ಮೈಗೆ ಬೀಳುವ ಕೆಲಸದ್ದು, ಇನ್ನೊಂದು ಸದಾ ಕಾಯುತ್ತಿರುವುದರದ್ದು. ಎರಡಕ್ಕೂ ಮದ್ದು ಬೇರೆ ಬೇರೆ. ಮೊದಲು ಕೆಲಸದ್ದನ್ನು ನೋಡೋಣ, ಅದನ್ನು ಎಣಿಸಬಹುದು.

ಮನೆ ಎಣಿಸಬೇಡಿ, ಸರದಿ ಎಣಿಸಿ

‘ಒಬ್ಬರು ಎಷ್ಟು ಮನೆ ನಡೆಸಬಹುದು?’ ಎಂದು ಎಲ್ಲರೂ ಕೇಳುತ್ತಾರೆ. ಈ ಪ್ರಶ್ನೆಗೆ ಉತ್ತರ ಇಲ್ಲ, ಯಾಕೆಂದರೆ ಕೆಲಸ ಹುಟ್ಟುವುದು ಮನೆಯಿಂದಲ್ಲ. ಒಬ್ಬ ಗೆಸ್ಟ್ ಹೋಗಿ ಇನ್ನೊಬ್ಬರು ಬರುವಾಗ ಹುಟ್ಟುತ್ತದೆ. ಇದಕ್ಕೆ ಹೋಸ್ಟ್‌ಗಳು ಟರ್ನೋವರ್ ಎನ್ನುತ್ತಾರೆ. ಆದರೆ ನಮ್ಮಲ್ಲಿ ಆ ಪದ ಕೇಳಿದ ಕೂಡಲೇ ವಹಿವಾಟಿನ ಮೊತ್ತ ನೆನಪಾಗುತ್ತದೆ. ಹಾಗಾಗಿ ಇಲ್ಲಿ ಸರದಿ ಎನ್ನೋಣ.

ಒಂದು ಸರದಿಯಲ್ಲಿ ಏನೇನಿದೆ? ಬರುವ ಮೊದಲು ದಾರಿ ಹೇಳಬೇಕು. ಬಾಗಿಲಿನ ಕೋಡ್ ಕಳಿಸಬೇಕು. ಬಂದ ಮೇಲೆ ಸರಿಯಾಗಿದೆಯಾ ಎಂದು ಕೇಳಬೇಕು. ಹೋದ ಮೇಲೆ ಗುಡಿಸಿ, ಒರೆಸಿ, ಹಾಸಿಗೆ ಬಟ್ಟೆ ಒಗೆಯಬೇಕು. ಸೋಪು, ಟಿಶ್ಯೂ ತುಂಬಿಡಬೇಕು. ಏನಾದರೂ ಮುರಿದಿದೆಯಾ ನೋಡಬೇಕು, ರಿವ್ಯೂ ಬರೆಯಬೇಕು. ಇವೆಲ್ಲಕ್ಕೂ ಸೇರಿ 5 ಗಂಟೆ ಎಂದಿಟ್ಟುಕೊಳ್ಳಿ. ನಿಮ್ಮ ಮನೆ ದೊಡ್ಡದಿದ್ದರೆ ಇನ್ನೂ ಜಾಸ್ತಿ ಬೇಕು.

ಈಗ ಒಂದು ಮನೆ ತಿಂಗಳಲ್ಲಿ 24 ರಾತ್ರಿ ತುಂಬಿದೆ ಎನ್ನೋಣ. ಪ್ರತಿ ಗೆಸ್ಟ್ 2 ರಾತ್ರಿ ಉಳಿದರೆ 12 ಸರದಿ, ಅಂದರೆ 60 ಗಂಟೆ. ಅದೇ ಗೆಸ್ಟ್‌ಗಳು 4 ರಾತ್ರಿ ಉಳಿದರೆ 6 ಸರದಿ, 30 ಗಂಟೆ. ತುಂಬಿದ ರಾತ್ರಿಗಳು ಅಷ್ಟೇ, ಬಾಡಿಗೆಯೂ ಅಷ್ಟೇ, ಕೆಲಸ ಮಾತ್ರ ಅರ್ಧ.

ಮೂರು ಮನೆಗೆ ಇದನ್ನೇ ಹಾಕಿ ನೋಡಿ. ಎರಡೆರಡು ರಾತ್ರಿಯ ಲೆಕ್ಕದಲ್ಲಿ 36 ಸರದಿ, 180 ಗಂಟೆ. ದಿನಕ್ಕೆ 8 ಗಂಟೆಯಂತೆ ತಿಂಗಳಿಗೆ 22 ದಿನ ಆಫೀಸಿಗೆ ಹೋಗುವವರು ದುಡಿಯುವುದು 176 ಗಂಟೆ. ಅಂದರೆ ‘ಪಕ್ಕದಲ್ಲಿ ಮಾಡುವ’ ಈ ವ್ಯವಹಾರ ಪೂರ್ತಿ ಒಂದು ನೌಕರಿಯನ್ನು ದಾಟಿದೆ. ನಿಮ್ಮ ನಿಜವಾದ ನೌಕರಿ ಅದರ ಮೇಲೆ! ನಾಲ್ಕು ರಾತ್ರಿಯ ಲೆಕ್ಕದಲ್ಲಾದರೆ ಅದೇ ಮೂರು ಮನೆಗೆ 90 ಗಂಟೆ ಸಾಕು.

ಹಾಗಾಗಿ ನಾಲ್ಕನೇ ಮನೆ ಹುಡುಕುವ ಮೊದಲು ಇರುವ ಮನೆಗಳ ಸರದಿ ಇಳಿಸಲು ಆಗುತ್ತದಾ ನೋಡಿ. ದಾರಿ ಕೆಲವಿವೆ. ಕನಿಷ್ಠ ಎರಡೋ ಮೂರೋ ರಾತ್ರಿ ಉಳಿಯಬೇಕು ಎಂದು ಲಿಸ್ಟಿಂಗ್‌ನಲ್ಲಿ ಇಡಬಹುದು. ನಾಲ್ಕು ರಾತ್ರಿಗೆ, ವಾರಕ್ಕೆ, ತಿಂಗಳಿಗೆ ರಿಯಾಯಿತಿ ಕೊಡಬಹುದು. ಉದ್ದದ ಮೇಜು, ಒಳ್ಳೆಯ ಕುರ್ಚಿ, ವೇಗದ ವೈಫೈ ಇದ್ದರೆ ಮನೆಯಿಂದಲೇ ಕೆಲಸ ಮಾಡುವವರು ವಾರಗಟ್ಟಲೆ ಉಳಿಯುತ್ತಾರೆ. ಬಟ್ಟೆ ಒಗೆಯುವ ಯಂತ್ರವೂ ಹೀಗೇ ಉದ್ದದ ತಂಗುವಿಕೆಯನ್ನು ತರುತ್ತದೆ.

ರಿಯಾಯಿತಿ ಕೊಟ್ಟರೆ ನಷ್ಟ ಅಲ್ವಾ? ಲೆಕ್ಕ ಹಾಕೋಣ. ಉದಾಹರಣೆಗೆ ರಾತ್ರಿಗೆ 100ರಂತೆ 24 ರಾತ್ರಿಗೆ 2,400. ಶೇಕಡಾ 10 ಬಿಟ್ಟರೆ 2,160. ಕಳೆದುಕೊಂಡದ್ದು 240, ತಪ್ಪಿದ ಸರದಿ 6 (12ರ ಬದಲು 6). ಒಂದೊಂದು ಸರದಿಗೆ ನಿಮ್ಮ ಕೈಯಿಂದ 40ಕ್ಕಿಂತ ಜಾಸ್ತಿ ಖರ್ಚಾಗುತ್ತಿದ್ದರೆ ರಿಯಾಯಿತಿ ಕೊಟ್ಟೇ ನೀವು ಗೆದ್ದಿರಿ. ಸ್ವಚ್ಛತಾ ಶುಲ್ಕವನ್ನು ಗೆಸ್ಟ್ ಬೇರೆಯಾಗಿ ಕೊಡುತ್ತಿದ್ದರೆ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಆಗಲೂ ನಿಮ್ಮ ಸಮಯ ಉಳಿಯುವುದು ಉಳಿದೇ ಉಳಿಯುತ್ತದೆ.

ಒಂದು ಎಚ್ಚರಿಕೆ. ಕನಿಷ್ಠ ರಾತ್ರಿಗಳನ್ನು ತೀರಾ ಏರಿಸಿದರೆ ಎರಡು ಬುಕಿಂಗ್ ನಡುವೆ ಒಂಟಿ ರಾತ್ರಿಗಳು ಉಳಿದುಬಿಡುತ್ತವೆ. ಬುಧವಾರ ಒಬ್ಬರು ಹೋಗುತ್ತಾರೆ, ಗುರುವಾರ ಇನ್ನೊಬ್ಬರು ಬರುತ್ತಾರೆ. ನಡುವಿನ ಆ ಒಂದು ರಾತ್ರಿಯನ್ನು ಯಾರೂ ಬುಕ್ ಮಾಡುವಂತಿಲ್ಲ. ಅಂಥ ರಾತ್ರಿಗಷ್ಟೇ ನಿಯಮ ಸಡಿಲಿಸಬಹುದು. ಇಲ್ಲವೇ ಅದನ್ನು ಖಾಲಿ ಬಿಟ್ಟು ಆ ದಿನ ನಲ್ಲಿ, ಬಲ್ಬು ಸರಿಪಡಿಸಿಕೊಳ್ಳಬಹುದು. ನನ್ನ ಒಲವು ಎರಡನೆಯದರ ಕಡೆಗೆ. ಮನೆಗೂ ಉಸಿರಾಡಲು ಒಂದು ದಿನ ಬೇಕು.

ತುಂಬಿದ ಕ್ಯಾಲೆಂಡರ್ ಅಂದರೆ ತುಂಬಿದ ಜೇಬೇ?

ಈ ವ್ಯವಹಾರದಲ್ಲಿ ಪದೇ ಪದೇ ಕೇಳಿಬರುವ ಮೂರು ಪದಗಳಿವೆ. ಆಕ್ಯುಪೆನ್ಸಿ ಅಂದರೆ ಬಾಡಿಗೆಗೆ ಇಟ್ಟ ರಾತ್ರಿಗಳಲ್ಲಿ ಎಷ್ಟು ತುಂಬಿದವು ಎಂಬುದು. ಎಡಿಆರ್ ಅಂದರೆ ತುಂಬಿದ ಒಂದು ರಾತ್ರಿಗೆ ಸರಾಸರಿ ಸಿಕ್ಕ ದರ. ಇವೆರಡನ್ನೂ ಗುಣಿಸಿದರೆ ಬರುವುದು ರೆವ್‌ಪಾರ್. ತುಂಬಿದ್ದು, ಖಾಲಿ ಇದ್ದದ್ದು ಎಲ್ಲ ಸೇರಿಸಿ ಒಂದು ರಾತ್ರಿಗೆ ಸರಾಸರಿ ಎಷ್ಟು ಸಿಕ್ಕಿತು ಎಂದು ಅದು ಹೇಳುತ್ತದೆ.

30 ರಾತ್ರಿಯಲ್ಲಿ 27 ತುಂಬಿದವು, ದರ 80 ಎನ್ನೋಣ. ಆಕ್ಯುಪೆನ್ಸಿ ಶೇಕಡಾ 90, ಬಂದದ್ದು 2,160, ರೆವ್‌ಪಾರ್ 72. ಇನ್ನೊಬ್ಬರು ದರ 105 ಇಟ್ಟರು, 21 ರಾತ್ರಿ ಮಾತ್ರ ತುಂಬಿತು. ಆಕ್ಯುಪೆನ್ಸಿ ಶೇಕಡಾ 70, ಬಂದದ್ದು 2,205, ರೆವ್‌ಪಾರ್ 73.5. ಕ್ಯಾಲೆಂಡರ್ ನೋಡಿದವರು ಮೊದಲಿನವರನ್ನೇ ಹೊಗಳುತ್ತಾರೆ. ಆದರೆ ಎರಡನೆಯವರಿಗೆ ದುಡ್ಡೂ ತುಸು ಜಾಸ್ತಿ ಬಂತು, ಸರದಿಯೂ ಕಡಿಮೆಯಾಯಿತು. ಮೂರು ರಾತ್ರಿಗೊಂದು ಸರದಿಯಂತೆ ಮೊದಲಿನವರಿಗೆ 9, ಇವರಿಗೆ 7. ಹಾಸಿಗೆಯ ಸವೆತ, ನೀರು, ವಿದ್ಯುತ್ ಎಲ್ಲವೂ ಕಡಿಮೆ.

ಲೆಕ್ಕದಲ್ಲಿ ಎಲ್ಲರೂ ಮರೆಯುವ ಖರ್ಚು ಒಂದಿದೆ. ಅದು ನಿಮ್ಮದೇ ಕೂಲಿ. ತಿಂಗಳಿಗೆ 2,400 ಬಂದು 1,700 ಖರ್ಚಾಗಿ 700 ಉಳಿಯಿತು ಎನ್ನಿ. ನೀವು 60 ಗಂಟೆ ದುಡಿದಿದ್ದೀರಿ. ಅದೇ ಕೆಲಸಕ್ಕೆ ಬೇರೆಯವರನ್ನು ಇಟ್ಟಿದ್ದರೆ ಗಂಟೆಗೆ 10 ಕೊಡಬೇಕಿತ್ತು, ಅಂದರೆ 600. ಮನೆ ನಿಜಕ್ಕೂ ಗಳಿಸಿದ್ದು 100 ಮಾತ್ರ. ಅಂಕಿಗಳು ಸುಮ್ನೆ ಉದಾಹರಣೆಗೆ, ನಿಮ್ಮದನ್ನು ಹಾಕಿಕೊಳ್ಳಿ. ಈ ಲೆಕ್ಕ ಮೊದಲೇ ಮಾಡಿದವರಿಗೆ ಮುಂದೆ ಸಹಾಯಕರನ್ನು ಇಡುವಾಗ ಕೈ ನಡುಗುವುದಿಲ್ಲ. ಮಾಡದವರು ಐದು ಮನೆ ಮಾಡಿಯೂ ಎಲ್ಲವನ್ನೂ ತಾವೇ ಮಾಡುತ್ತಿರುತ್ತಾರೆ, ಯಾಕೆಂದರೆ ಕೂಲಿ ಕೊಟ್ಟ ಕೂಡಲೇ ಲಾಭ ಮಾಯ.

ಇನ್ನೊಂದು ಅಪಾಯದ ಮಾತು. ಸ್ವಂತ ಮನೆ ಇಲ್ಲದವರು ಬೇರೆಯವರ ಮನೆಯನ್ನು ತಿಂಗಳ ಬಾಡಿಗೆಗೆ ಹಿಡಿದು, ಒಪ್ಪಿಗೆ ಪಡೆದು, ಅದನ್ನೇ ದಿನಬಾಡಿಗೆಗೆ ಬಿಡುವುದುಂಟು. ಬೇಗ ಬೆಳೆಯಬಹುದು, ನಿಜ. ಆದರೆ ಗೆಸ್ಟ್ ಬರಲಿ ಬಿಡಲಿ ಮಾಲೀಕರ ಬಾಡಿಗೆ ಕೊಡಲೇಬೇಕು. 2020ರಲ್ಲಿ ಕೋವಿಡ್ ಬಂದು ಜಗತ್ತಿನ ಓಡಾಟ ನಿಂತಾಗ ಹೀಗೆ ಹತ್ತಾರು ಮನೆ ಹಿಡಿದವರಿಗೆ ಆದಾಯ ಒಂದೇ ವಾರದಲ್ಲಿ ಬತ್ತಿತು, ಬಾಡಿಗೆ ಮಾತ್ರ ತಿಂಗಳು ತಿಂಗಳೂ ನಿಂತಿತ್ತು. ಕೆಲವು ತಿಂಗಳ ಸ್ಥಿರ ಖರ್ಚಿನಷ್ಟು ಹಣ ಪಕ್ಕಕ್ಕಿಡದೆ ಮುಂದಿನ ಮನೆಗೆ ಕೈಹಾಕಿದರೆ ನಿದ್ದೆ ಕೆಡುವುದು ಖಚಿತ.

ತಲೆಯಲ್ಲಿರುವುದನ್ನು ಗೋಡೆಗೆ ಇಳಿಸಿ

1935ರ ಅಕ್ಟೋಬರ್ 30ರಂದು ಅಮೆರಿಕದ ರೈಟ್ ಫೀಲ್ಡ್‌ನಲ್ಲಿ ಬೋಯಿಂಗ್ ಕಂಪನಿಯ ಹೊಸ ವಿಮಾನವೊಂದು ಮೇಲೆದ್ದ ಸ್ವಲ್ಪ ಹೊತ್ತಿಗೇ ಬಿದ್ದುಬಿಟ್ಟಿತು. ಇಬ್ಬರು ಸತ್ತರು. ಯಂತ್ರ ಕೆಟ್ಟಿರಲಿಲ್ಲ, ಪೈಲಟ್ ಅನುಭವಿಯೇ. ವಿಮಾನ ನಿಂತಿರುವಾಗ ಗಾಳಿಗೆ ಅಲುಗಾಡದಂತೆ ಹಾಕಿದ್ದ ಒಂದು ಲಾಕ್ ತೆಗೆಯುವುದು ಮರೆತುಹೋಗಿತ್ತು. ಆ ಮೇಲೆ ಅಲ್ಲಿನ ಪೈಲಟ್‌ಗಳು ಮಾಡಿಕೊಂಡ ಉಪಾಯ ಚೆಕ್‌ಲಿಸ್ಟ್. ಹಾರುವ ಮೊದಲು ಪ್ರತಿ ಸಲ ಒಂದೊಂದಾಗಿ ಓದಿ ನೋಡುವ ಪಟ್ಟಿ. ಅದೇ ಮಾದರಿಯ ವಿಮಾನ ಮುಂದೆ ಬಿ-17 ಎಂಬ ಹೆಸರಿನಲ್ಲಿ ಸಾವಿರಾರು ಸಂಖ್ಯೆಯಲ್ಲಿ ಹಾರಿತು.

ಒಂದು ಮನೆ ಇದ್ದಾಗ ಎಲ್ಲ ನೆನಪಿರುತ್ತದೆ. ಮೂರಾದಾಗ ‘ಆ ಮನೆಯ ರಿಮೋಟ್ ಬ್ಯಾಟರಿ ಹಾಕಿದೆನಾ, ಈ ಮನೆಯ ಕಿಟಕಿ ಮುಚ್ಚಿದೆನಾ’ ಎಂಬುದೇ ತಲೆ ತುಂಬಾ. ಚೆಕ್‌ಲಿಸ್ಟ್ ಇದನ್ನು ತಲೆಯಿಂದ ಇಳಿಸುತ್ತದೆ. ಕೋಣೆಗೊಂದರಂತೆ ಚಿಕ್ಕ ಪಟ್ಟಿ ಸಾಕು. ಮಂಚದ ಕೆಳಗೆ ನೋಡಿದ್ದು, ಫ್ರಿಜ್ ಖಾಲಿ ಮಾಡಿದ್ದು, ಬಚ್ಚಲಿನ ಕಿಂಡಿಯಲ್ಲಿ ಕೂದಲು ತೆಗೆದಿದ್ದು, ಹೊಗೆ ಪತ್ತೆ ಮಾಡುವ ಯಂತ್ರದ ದೀಪ ಉರಿಯುತ್ತಿರುವುದು, ಕೊನೆಗೆ ಪ್ರತಿ ಕೋಣೆಯದೂ ಒಂದು ಫೋಟೋ. ಈ ಫೋಟೋಗಳಿಂದ ಇನ್ನೊಂದು ಉಪಯೋಗವಿದೆ. ಸ್ವಚ್ಛ ಮಾಡಿದವರು ಕಳಿಸಿದ ಕೂಡಲೇ ನೀವು ಮನೆಗೆ ಹೋಗದೆಯೇ ನೋಡಬಹುದು.

ಮೆಸೇಜುಗಳಿಗೂ ಇದೇ ದಾರಿ. ಒಂದು ತಿಂಗಳಲ್ಲಿ ಬಂದ ಮೆಸೇಜುಗಳನ್ನೆಲ್ಲ ಒಮ್ಮೆ ಕೂತು ಓದಿ. ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಬರೆದುಕೊಳ್ಳಿ. ವೈಫೈ ಪಾಸ್‌ವರ್ಡ್ ಏನು, ಕಾರು ಎಲ್ಲಿ ನಿಲ್ಲಿಸೋದು, ಬಿಸಿನೀರು ಹೇಗೆ, ಕಸ ಎಲ್ಲಿ ಹಾಕೋದು. ಒಂದೇ ಪ್ರಶ್ನೆಯನ್ನು ಮೂವರು ಕೇಳಿದರೆ ಉತ್ತರ ಸಿಗುವ ಜಾಗದಲ್ಲಿಲ್ಲ ಎಂದು ಅರ್ಥ. ಬಿಸಿನೀರಿನ ಸ್ವಿಚ್ ಪಕ್ಕದಲ್ಲೇ ಒಂದು ಚೀಟಿ ಅಂಟಿಸಿದರೆ ಆ ಮೆಸೇಜ್ ಶಾಶ್ವತವಾಗಿ ನಿಲ್ಲುತ್ತದೆ. ಉಳಿದವನ್ನು ತಾಣಗಳಲ್ಲೇ ಇರುವ ನಿಗದಿತ ಮೆಸೇಜ್ ಸೌಲಭ್ಯದಿಂದ ಕಳಿಸಬಹುದು. ಬರುವ ಹಿಂದಿನ ದಿನ ದಾರಿಯ ವಿವರ, ಹೋಗುವ ಹಿಂದಿನ ಸಂಜೆ ಹೊರಡುವ ಸಮಯ, ಹೀಗೆ. ಆದರೆ ದೂರು ಬಂದಾಗ ಮಾತ್ರ ಯಂತ್ರದ ಉತ್ತರ ಬೇಡ. ಬೇಸರಗೊಂಡವರಿಗೆ ಮನುಷ್ಯರ ಮಾತೇ ಬೇಕು.

ಒಂದಕ್ಕಿಂತ ಹೆಚ್ಚು ತಾಣದಲ್ಲಿ ಮನೆ ಹಾಕಿದವರನ್ನು ಕಾಡುವ ತೊಂದರೆ ಡಬಲ್ ಬುಕಿಂಗ್. ಒಂದೇ ರಾತ್ರಿಯನ್ನು ಇಬ್ಬರು ಬುಕ್ ಮಾಡಿಬಿಡುತ್ತಾರೆ. ಇದು ಹೇಗಾಗುತ್ತದೆ? ತಾಣಗಳು ಐಕ್ಯಾಲ್ ಎಂಬ ಕೊಂಡಿಯ ಮೂಲಕ ಒಂದು ಇನ್ನೊಂದರ ಕ್ಯಾಲೆಂಡರ್ ನೋಡುತ್ತವೆ. ಆದರೆ ಸದಾ ನೋಡುತ್ತಿರುವುದಿಲ್ಲ, ಆಗಾಗ ಬಂದು ನೋಡಿ ಹೋಗುತ್ತವೆ. ಪಕ್ಕದ ಮನೆಯ ಗೋಡೆ ಕ್ಯಾಲೆಂಡರನ್ನು ದಿನಕ್ಕೆ ಕೆಲವು ಸಲ ಇಣುಕಿ ನೋಡಿದ ಹಾಗೆ. ಎರಡು ಇಣುಕಿನ ನಡುವೆ ಬಂದ ಬುಕಿಂಗ್ ಇನ್ನೊಬ್ಬರಿಗೆ ಗೊತ್ತಾಗುವುದಿಲ್ಲ. ಚಾನೆಲ್ ಮ್ಯಾನೇಜರ್ ಎಂಬ ತಂತ್ರಾಂಶ ತಾಣಗಳ ಜೊತೆ ನೇರ ಸಂಪರ್ಕ ಇಟ್ಟುಕೊಂಡು ಬುಕಿಂಗ್ ಆದ ಕೂಡಲೇ ಉಳಿದ ಕಡೆ ಆ ರಾತ್ರಿಯನ್ನು ಮುಚ್ಚುತ್ತದೆ. ಇದಕ್ಕೆ ತಿಂಗಳ ಶುಲ್ಕ ಇರುತ್ತದೆ. ಒಂದೇ ಮನೆ, ಒಂದೇ ತಾಣ ಇದ್ದವರಿಗೆ ಇದು ಬೇಕಿಲ್ಲ.

ಮೊದಲು ಯಾವ ಕೆಲಸ ಬಿಟ್ಟುಕೊಡಬೇಕು?

ಸ್ವಚ್ಛತೆಯನ್ನು. ಹಳೆಯ ಗೆಸ್ಟ್ ಬೆಳಿಗ್ಗೆ 11ಕ್ಕೆ ಹೋಗಿ ಹೊಸಬರು ಮಧ್ಯಾಹ್ನ 3ಕ್ಕೆ ಬಂದರೆ ನಡುವೆ ಸಿಗುವುದು 4 ಗಂಟೆ. ಒಂದು ಮನೆಗೆ 3 ಗಂಟೆ ಬೇಕು. ಒಂದೇ ದಿನ ಎರಡು ಮನೆಯಲ್ಲಿ ಸರದಿ ಬಿದ್ದರೆ ಒಬ್ಬರಿಂದ ಆಗುವ ಮಾತೇ ಅಲ್ಲ, ನೀವು ಎಷ್ಟೇ ಚುರುಕಾಗಿರಿ. ಬಹಳ ಮಂದಿ ಮೊದಲು ಕುಸಿಯುವುದು ಈ ನಾಲ್ಕು ಗಂಟೆಯಲ್ಲೇ.

ಹಾಗಾಗಿ ನಂಬಿಕೆಯ ಒಬ್ಬರನ್ನು ಹುಡುಕಿ. ಅವರಿಗೆ ಹುಷಾರಿಲ್ಲದ ದಿನಕ್ಕೆ ಇನ್ನೊಬ್ಬರನ್ನೂ ಹುಡುಕಿ. ಸರದಿಗೆ ಇಷ್ಟು ಎಂದು ನ್ಯಾಯವಾದ ಕೂಲಿ ಗೊತ್ತುಮಾಡಿ, ತಡಮಾಡದೆ ಕೊಡಿ. ನಿಮ್ಮ ರಿವ್ಯೂ ನಿಂತಿರುವುದು ಅವರ ಕೈಯಲ್ಲಿ. ಪ್ರತಿ ಹಾಸಿಗೆಗೆ ಮೂರು ಜೊತೆ ಬಟ್ಟೆ ಇಡುವುದು ಹೋಟೆಲುಗಳ ಹಳೆಯ ಪದ್ಧತಿ: ಒಂದು ಹಾಸಿಗೆಯ ಮೇಲೆ, ಒಂದು ಒಗೆಯಲು, ಒಂದು ಕಪಾಟಿನಲ್ಲಿ. ಒಗೆದ ಬಟ್ಟೆ ಒಣಗುವುದನ್ನು ಕಾಯುತ್ತಾ ಕೂರುವ ಸಂಕಟ ಇದರಿಂದ ತಪ್ಪುತ್ತದೆ. ಎಲ್ಲ ಮನೆಗೂ ಒಂದೇ ಅಳತೆಯ, ಒಂದೇ ಬಣ್ಣದ ಬಟ್ಟೆ ಇದ್ದರೆ ಇನ್ನೂ ಒಳ್ಳೆಯದು.

ಆಮೇಲೆ ಬಿಟ್ಟುಕೊಡಬೇಕಾದದ್ದು ರಾತ್ರಿ ಫೋನಿನ ಕೆಲಸ, ಅದಾದ ಮೇಲೆ ಸಣ್ಣಪುಟ್ಟ ರಿಪೇರಿಯದು. ಬಾಡಿಗೆಯಲ್ಲಿ ಒಂದು ಪಾಲು ಪಡೆದು ಈ ಕೆಲಸ ನೋಡಿಕೊಳ್ಳುವವರಿಗೆ ಕೋ-ಹೋಸ್ಟ್ ಎನ್ನುತ್ತಾರೆ. ದರ ನಿಗದಿ ಮತ್ತು ಲೆಕ್ಕಪತ್ರವನ್ನು ಬೇಗ ಬಿಟ್ಟುಕೊಡಬೇಡಿ. ಅದಕ್ಕೆ ಹಿಡಿಯುವ ಹೊತ್ತು ಕಡಿಮೆ, ವ್ಯವಹಾರ ಅರ್ಥವಾಗುವುದೇ ಅಲ್ಲಿಂದ.

ಕಾಯುವ ಹೊರೆ ಇಳಿಸುವುದು

ಇನ್ನು ಒಲೆಯ ಮೇಲಿನ ಹಾಲಿನ ವಿಷಯಕ್ಕೆ ಬರೋಣ. ‘ಎರಡು ನಿಮಿಷದಲ್ಲಿ ಉತ್ತರ ಕೊಡದಿದ್ದರೆ ರೇಟಿಂಗ್ ಬಿದ್ದುಹೋಗುತ್ತದೆ’ ಎಂಬ ಭಯ ತುಂಬಾ ಜನರಲ್ಲಿದೆ. ಚೆನ್ನಾಗಿ ನಡೆಸುವ ಹೋಸ್ಟ್‌ಗಳಿಗೆ ಏರ್‌ಬಿಎನ್‌ಬಿ ಕೊಡುವ ಸೂಪರ್‌ಹೋಸ್ಟ್ ಪಟ್ಟದ ನಿಯಮವನ್ನೇ ನೋಡಿ. ಸರಾಸರಿ ರೇಟಿಂಗ್ 5ಕ್ಕೆ 4.8 ಅಥವಾ ಹೆಚ್ಚು, ನೀವಾಗಿ ರದ್ದು ಮಾಡಿದ ಬುಕಿಂಗ್ ಶೇಕಡಾ 1ಕ್ಕಿಂತ ಕಡಿಮೆ, ಉತ್ತರ ಕೊಟ್ಟ ಪ್ರಮಾಣ ಶೇಕಡಾ 90 ಅಥವಾ ಹೆಚ್ಚು. ಮೂರು ತಿಂಗಳಿಗೊಮ್ಮೆ ಇದನ್ನು ನೋಡುತ್ತಾರೆ. ಉತ್ತರದ ಲೆಕ್ಕಕ್ಕೆ ಹಿಡಿಯುವುದು ಹೊಸ ವಿಚಾರಣೆ ಮತ್ತು ಬುಕಿಂಗ್ ಕೋರಿಕೆಗಳಿಗೆ 24 ಗಂಟೆಯೊಳಗೆ ಕೊಟ್ಟ ಉತ್ತರವನ್ನು. ಹೌದು, 24 ಗಂಟೆ.

ತಕ್ಷಣ ಓಡಬೇಕಾದ ಸಂಗತಿಗಳು ಕೆಲವೇ: ಗೆಸ್ಟ್ ಮನೆಯೊಳಗೆ ಹೋಗಲಾಗದಿರುವುದು, ನೀರು ಸೋರಿ ಹರಿಯುವುದು, ಬೆಂಕಿ ಅಥವಾ ವಿದ್ಯುತ್ ತೊಂದರೆ, ಯಾರಿಗಾದರೂ ಪೆಟ್ಟು. ‘ಇವುಗಳಿಗೆ ಫೋನ್ ಮಾಡಿ, ಉಳಿದದ್ದಕ್ಕೆ ಮೆಸೇಜ್ ಹಾಕಿ, ರಾತ್ರಿ 10ರ ನಂತರದ ಮೆಸೇಜಿಗೆ ಬೆಳಿಗ್ಗೆ ಉತ್ತರಿಸುತ್ತೇವೆ’ ಎಂದು ಮನೆಯ ಪುಸ್ತಕದಲ್ಲೂ ಮೊದಲ ಮೆಸೇಜಿನಲ್ಲೂ ಬರೆಯಿರಿ. ಹೀಗೆ ಸ್ಪಷ್ಟವಾಗಿ ಹೇಳಿದರೆ ಬಹುತೇಕ ಗೆಸ್ಟ್‌ಗಳು ಅರ್ಥಮಾಡಿಕೊಳ್ಳುತ್ತಾರೆ. ವ್ಯವಹಾರಕ್ಕೆ ಬೇರೆ ನಂಬರ್ ಇದ್ದರೆ ಮನೆಯವರ ಫೋನ್ ಬಂದಾಗ ಎದೆ ಧಸಕ್ಕೆನ್ನುವುದು ನಿಲ್ಲುತ್ತದೆ.

ಬಾಗಿಲಿನ ಫೋನ್ ಕರೆಗಳನ್ನು ತಪ್ಪಿಸಲು ಸ್ಮಾರ್ಟ್ ಲಾಕ್ ನೆರವಾಗುತ್ತದೆ. ಪ್ರತಿ ಗೆಸ್ಟ್‌ಗೂ ಬೇರೆ ಕೋಡ್, ಅವರು ಹೋದ ಮೇಲೆ ಅದು ತಾನೇ ರದ್ದು. ಆದರೆ ಅದೂ ಬ್ಯಾಟರಿಯ ಮೇಲೆ ನಡೆಯುವುದು. ಬ್ಯಾಟರಿ ಬದಲಿಸುವ ದಿನ ಚೆಕ್‌ಲಿಸ್ಟ್‌ನಲ್ಲಿರಲಿ. ಕೋಡ್ ಹಾಕುವ ಚಿಕ್ಕ ಪೆಟ್ಟಿಗೆಯಲ್ಲಿ ಒಂದು ಮಾಮೂಲಿ ಬೀಗದಕೈ ಹೊರಗಡೆ ಇರಲಿ.

ನಿಮ್ಮ ರಜೆಯನ್ನು ವರ್ಷದ ಶುರುವಿನಲ್ಲೇ ಕ್ಯಾಲೆಂಡರಿನಲ್ಲಿ ಮುಚ್ಚಿಡಿ. ‘ಬುಕಿಂಗ್ ಇಲ್ಲದಾಗ ನೋಡೋಣ’ ಅಂದುಕೊಂಡವರಿಗೆ ಆ ದಿನ ಬರುವುದೇ ಇಲ್ಲ.

ಊರಿನ ನಿಯಮ, ಅಕ್ಕಪಕ್ಕದವರು

ಹೋಸ್ಟ್ ಎಷ್ಟೇ ಚೆನ್ನಾಗಿ ನಡೆಸಿದರೂ ಒಂದು ಕಾನೂನು ಬದಲಾದರೆ ಎಲ್ಲ ತಲೆಕೆಳಗು. ನ್ಯೂಯಾರ್ಕ್ ನಗರ 2023ರ ಸೆಪ್ಟೆಂಬರ್‌ನಿಂದ ನೋಂದಣಿ ನಿಯಮವನ್ನು ಬಿಗಿಯಾಗಿ ಜಾರಿ ಮಾಡಿತು. 30 ದಿನಕ್ಕಿಂತ ಕಡಿಮೆ ಉಳಿಸಿಕೊಳ್ಳುವುದಾದರೆ ಹೋಸ್ಟ್ ಅದೇ ಮನೆಯಲ್ಲಿರಬೇಕು, ಗೆಸ್ಟ್‌ಗಳು ಇಬ್ಬರಿಗಿಂತ ಹೆಚ್ಚಿರಬಾರದು. ಬಾರ್ಸಿಲೋನಾ 2024ರ ಜೂನ್‌ನಲ್ಲಿ ತನ್ನ 10,101 ಪ್ರವಾಸಿ ಮನೆಗಳ ಪರವಾನಗಿಯನ್ನು 2028ರ ನವೆಂಬರ್ ಹೊತ್ತಿಗೆ ಕೊನೆಗಾಣಿಸುವುದಾಗಿ ಹೇಳಿತು. ಜಪಾನಿನಲ್ಲಿ 2018ರ ಕಾನೂನಿನಂತೆ ಇಂಥ ಮನೆಗೆ ವರ್ಷಕ್ಕೆ 180 ದಿನದ ಮಿತಿ. ಲಂಡನ್ನಿನಲ್ಲಿ ವಿಶೇಷ ಅನುಮತಿ ಇಲ್ಲದಿದ್ದರೆ 90 ರಾತ್ರಿ.

ಕಾರಣ ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ. ಊರಿನವರಿಗೆ ಬಾಡಿಗೆ ಮನೆ ಸಿಗುತ್ತಿಲ್ಲ, ಗದ್ದಲ ಜಾಸ್ತಿಯಾಗಿದೆ ಎಂಬ ದೂರು. ಹಾಗಾಗಿ ಮನೆ ಹಿಡಿಯುವ ಮೊದಲು ಅಲ್ಲಿನ ಪರವಾನಗಿ, ತೆರಿಗೆ, ಕಟ್ಟಡದ ಸಂಘದ ನಿಯಮ ಮೂರನ್ನೂ ಕೇಳಿ ತಿಳಿಯಿರಿ. ಈ ಮನೆ ನಾಳೆ ದಿನಬಾಡಿಗೆಗೆ ಆಗದಿದ್ದರೆ ತಿಂಗಳ ಬಾಡಿಗೆಯಲ್ಲಿ ಸಾಲ ತೀರುತ್ತದಾ ಎಂದೂ ನೋಡಿ. ತೀರುವುದಾದರೆ ಅರ್ಧ ಚಿಂತೆ ಹೋಯಿತು. ಪಕ್ಕದ ಮನೆಯವರಿಗೆ ನಿಮ್ಮ ನಂಬರ್ ಕೊಟ್ಟಿರಿ. ಗಲಾಟೆಯಾದರೆ ಅವರು ಪೊಲೀಸರಿಗಿಂತ ಮೊದಲು ನಿಮಗೆ ಹೇಳಲಿ.

ಮುಂದಿನ ಮನೆ ಯಾವಾಗ?

ಒಂದರಿಂದ ಎರಡಕ್ಕೆ ಹೋಗುವುದು ದೊಡ್ಡ ಜಿಗಿತ. ನೆನಪಿನ ಮೇಲೆ ನಡೆಯುತ್ತಿದ್ದದ್ದು ಈಗ ಬರಹದ ಮೇಲೆ ನಡೆಯಬೇಕು. ಎರಡನೇ ಮನೆ ಮೊದಲನೆಯದಕ್ಕೆ ಹತ್ತಿರದಲ್ಲಿದ್ದರೆ, ಅದೇ ಬಗೆಯ ಲಾಕ್, ಅದೇ ಬೆಡ್‌ಶೀಟ್, ಅದೇ ಚೆಕ್‌ಲಿಸ್ಟ್ ನಡೆದರೆ ಭಾರ ಅಷ್ಟಾಗಿ ಏರದು. ದೂರದ ಊರಿನಲ್ಲಿ ಬೇರೆಯದೇ ಬಗೆಯ ಮನೆ ಹಿಡಿದರೆ ಅದು ಎರಡನೇ ಮನೆಯಲ್ಲ, ಎರಡನೇ ವ್ಯವಹಾರ. ಹೊಸ ಮನೆ ಸೇರಿಸುವ ಮೊದಲು ಇರುವ ಮನೆಯ ಒಂದು ಡಲ್ ಸೀಸನ್ ಆದರೂ ನೋಡಿರಿ. ಗೆಸ್ಟ್ ತುಂಬಿರುವ ತಿಂಗಳುಗಳಲ್ಲಿ ಮಾಡಿದ ನಿರ್ಧಾರಕ್ಕೆ ಆ ತಿಂಗಳ ಉಬ್ಬು ಸೇರಿಕೊಂಡಿರುತ್ತದೆ. ಇನ್ನು, ಎರಡೇ ಮನೆಗೆ ನಿಲ್ಲಿಸಿ ಅವನ್ನೇ ಚೆನ್ನಾಗಿ ನಡೆಸಿಕೊಂಡು ಹೋಗುವುದೂ ಬೆಳವಣಿಗೆಯೇ. ಹಾಗೆ ವರ್ಷಗಟ್ಟಲೆ ನಡೆಸುವವರಿದ್ದಾರೆ.

ಬೆಳೆಯಬೇಕು ಎನ್ನುವವರಿಗೆ ಒಂದು ಪರೀಕ್ಷೆ ಇದೆ. ಮನೆಗಳು ತುಂಬಿರುವ ಒಂದು ವಾರ ಆರಿಸಿಕೊಳ್ಳಿ. ಏಳು ದಿನ ನೀವು ಊರಲ್ಲಿಲ್ಲ ಎಂದುಕೊಳ್ಳಿ, ಸಾಧ್ಯವಾದರೆ ನಿಜವಾಗಿಯೂ ಹೋಗಿ. ಫೋನ್ ಕೋ-ಹೋಸ್ಟ್ ಹತ್ತಿರ ಅಥವಾ ಮನೆಯ ಇನ್ನೊಬ್ಬರ ಹತ್ತಿರ ಇರಲಿ. ಅವರು ನಿಮ್ಮನ್ನು ಕೇಳದೆ ಬಗೆಹರಿಸಲಾಗದ ಪ್ರತಿ ವಿಷಯವನ್ನೂ ಒಂದು ಹಾಳೆಯಲ್ಲಿ ಬರೆದಿಡಲಿ: ಪ್ಲಂಬರ್ ನಂಬರ್ ಗೊತ್ತಿರಲಿಲ್ಲ, ಹೆಚ್ಚುವರಿ ದಿಂಬು ಎಲ್ಲಿದೆ ಎಂದು ತಿಳಿಯಲಿಲ್ಲ, ಬೇಗ ಬರಲು ಕೇಳಿದವರಿಗೆ ಏನು ಹೇಳಬೇಕೋ ಹೊಳೆಯಲಿಲ್ಲ. ವಾಪಸ್ ಬಂದು ಆ ಹಾಳೆ ಹಿಡಿದು ಒಂದೊಂದಕ್ಕೂ ಒಂದು ಚೀಟಿ, ಒಂದು ನಂಬರ್, ಒಂದು ನಿಯಮ ಬರೆಯಿರಿ. ಎರಡು ತಿಂಗಳ ನಂತರ ಮತ್ತೊಮ್ಮೆ ಏಳು ದಿನ ಹೋಗಿ ಬನ್ನಿ. ಆ ಸಲ ಹಾಳೆಯಲ್ಲಿ ಎರಡೋ ಮೂರೋ ಸಾಲು ಮಾತ್ರ ಇದ್ದರೆ ಮುಂದಿನ ಮನೆ ನೋಡಲು ಹೊರಡಬಹುದು.